ಸಿದ್ದಕ್ಕ ಗುರುತು ಹಿಡಿದ ಮಾರಿ

ವಡಗಾವಿ, ಬೆಳಗಾವಿ
ಮಂಗಳವಾರ, ೧೮ ಫೆಬ್ರುವರಿ ೨೦೨೫

ನನ್ನ ಮುದ್ದಿನ ಪ್ರಾಜಕ್ತಾ,

ಹೇಗಿದ್ದೀಯವ್ವಾ? ರಾಯಚೂರಿನಲ್ಲಿ ಈಗಲೇ ಬಿಸಿಲು ಶುರುವಾಗಿರಬೇಕು. ಕಣ್ಣುರಿ ಕಡಿಮೆಯಾಯಿತೋ ಇಲ್ಲವೋ? ಹೋದ ವಾರ ಕೇಳಿದಾಗ "ಹೂಂ ಅತ್ಯಾ, ಆರಾಮ ಅದೀನಿ" ಅಂದೆ. ನಿನ್ನ ಆ "ಆರಾಮ" ನನಗೆ ಗೊತ್ತು, ಜ್ವರ ನೂರಾಮೂರು ಇದ್ದಾಗಲೂ ನೀನು ಅದನ್ನೇ ಅನ್ನುವವಳು. ನೀರು ಕಾಸಿ ಆರಿಸಿ ಕುಡಿ. ಆ ಪ್ರಯೋಗಾಲಯದಲ್ಲಿ ಮಣ್ಣು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಸಾಹೇಬರಾದೆ ಅಂತ ಧೂಳು ನಿನ್ನನ್ನು ಬಿಡುತ್ತದೆಯೇ? ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಗಳು ಸಾನಿಕಾಳ ಕೆಮ್ಮು ಪೂರ್ತಿ ಹೋಯಿತು. ನಿನ್ನ ಮಾವನವರ ಮೊಣಕಾಲು ಮೆಟ್ಟಿಲು ಹತ್ತುವಾಗ ನೋಯುತ್ತದೆ, ಇಸ್ಪೀಟಿನ ಕಟ್ಟೆಗೆ ಹೋಗುವಾಗ ನೋಯುವುದಿಲ್ಲ.

ಫೋನಿರುವಾಗ ಈ ಮುದುಕಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ನಮ್ಮ ಮನೆಯ ಭಾನುವಾರದ ಫೋನು ನಿನಗೂ ಗೊತ್ತಲ್ಲ. ಪರಾಗ ಅದನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾನೆ. ಮೊದಲು ಸಾನಿಕಾ ಒಂದು ವಾರದ ಸಾಲೆಯ ಜಗಳವೆಲ್ಲ ಹೇಳಬೇಕು, ಆಮೇಲೆ ನಿನ್ನ ಮಾವನವರು ರಾಯಚೂರಿನ ಹವಾಮಾನ ಕೇಳಬೇಕು, ಆಮೇಲೆ ಗಂಡ ಹೆಂಡತಿಯ ಮಾತು. ನನ್ನ ಪಾಳಿ ಬರುವ ಹೊತ್ತಿಗೆ ಪರಾಗ ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೆ ಇಟ್ಟುಕೊಂಡೇ "ಆಯಿ, ಏನರ ಹೇಳೂದೈತೇನ?" ಅನ್ನುತ್ತಾನೆ. ಅಷ್ಟು ಕಿವಿಗಳ ಎದುರು ನಾನು "ಊಟ ಆತೇನವಾ?" ಅನ್ನುವುದು ಬಿಟ್ಟು ಇನ್ನೇನು ಹೇಳಲಿ?

ಮೊನ್ನೆ ಭಾನುವಾರ ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ನೀನು ಹೇಳಿದ್ದು ಪೂರ್ತಿ ಕೇಳಿಸಿತು. "ರಾಜೀನಾಮೆ ಬರದ ಇಟ್ಟೀನಿ, ತಿಂಗಳ ಕಡೀಕ ಕೊಟ್ಟ ಬರತೀನಿ. ಅತ್ಯಾಗ ಈ ವಯಸ್ಸಿನ್ಯಾಗ ಇಷ್ಟ ತ್ರಾಸ ಕೊಡೂದು ನನ್ನ ಮನಸ್ಸಿಗೆ ಬರವಲ್ದು" ಅಂದೆ. ಪರಾಗ "ಖರೇ, ಆಯಿಗೆ ಭಾಳ ತ್ರಾಸ ಆಗಾಕತ್ತೈತಿ" ಅಂದ. ನಿನ್ನ ಮಾವನವರು ಹೂಂಗುಟ್ಟಿದರು. ಆ ತ್ರಾಸದ ಆಯಿ ನಾಲ್ಕು ಮಾರು ಆಚೆ, ಕೈ ತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ನನಗೆ ಸಿಟ್ಟು ಬಂತು ಪ್ರಾಜಕ್ತಾ. ನಿನ್ನ ಮೇಲಲ್ಲ, ಆದರೆ ಬಂತು. ಅವತ್ತಿನ ಚಪಾತಿ ಎಲ್ಲ ಕಲ್ಲಾಗಿದ್ದವು, ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ. ಮೊದಲು ನನ್ನ ಸುದ್ದಿ ಪೂರ್ತಿ ಓದು, ಆಮೇಲೆ ನಿನ್ನ ರಾಜೀನಾಮೆಯ ವಿಚಾರ ಮಾಡು.

ನೀನು ನೌಕರಿಗೆ ಹೋಗುವ ಮುಂಚಿನ ದಿನದ ಆ ಮಧ್ಯಾಹ್ನ ನೆನಪಿದೆಯೇ? ನಲವತ್ತು ವರ್ಷ ಆ ಕಾಲುಮಷೀನಿನ ಮುಂದೆ ಕುಳಿತವಳು ನಾನು. ಸೀರೆಗೆ ಫಾಲು, ಜಂಪರಿಗೆ ಗುಂಡಿಪಟ್ಟಿ, ಓಣಿಯ ಹುಡುಗರ ಚಡ್ಡಿಗೆ ತೇಪೆ. ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಕಚ್ಚಿ ಎಳೆಯುತ್ತಿದ್ದವು, ನಾನು ಅದರ ಹಿಂದೆ ಹೋಗುತ್ತಿದ್ದೆ. ನೇರ ಹೊಲಿಗೆ ಬಿಟ್ಟು ಬೇರೆ ದಾರಿ ಮಷೀನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀನು ಯಾವುದೋ ಪ್ರದರ್ಶನದಲ್ಲಿ ನೋಡಿ ಬಂದೆ ಅಂತ, ನಿನ್ನ ಹಳೆಯ ಪ್ಲಾಸ್ಟಿಕ್ ಗುರುತಿನ ಕಾರ್ಡು ಕತ್ತರಿಸಿ, ಸೂಜಿ ಇಳಿಯಲು ನಡುವೆ ತೂತು ಮಾಡಿ, ಆ ಹಲ್ಲುಗಳ ಮೇಲೆ ಅಂಟಿಸಿದೆ. ಬಟ್ಟೆ ಒತ್ತುವ ಪಾದ ಬಿಚ್ಚಿ ಡಬ್ಬಿಗೆ ಹಾಕಿದೆ. ಬಟ್ಟೆಯನ್ನು ಕಸೂತಿಯ ರಿಂಗಿಗೆ ಬಿಗಿದು ನನ್ನ ಕೈಗೆ ಕೊಟ್ಟು, "ಅತ್ಯಾ, ಇನ್ನ ಇದು ನಿಮ್ಮನ್ನ ಎಳಿಯೂದಿಲ್ಲ, ನೀವ ಎಳಿಯಿರಿ. ಸೂಜಿ ಅಂದ್ರ ಪೆನ್ನು. ಪೆನ್ನು ನಿಂತಲ್ಲೇ ಇರತೈತಿ, ಕಾಗದ ಓಡ್ಯಾಡತೈತಿ" ಅಂದೆ. ಮರುದಿನ ಬ್ಯಾಗು ಹೊತ್ತುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ನನ್ನನ್ನು ನಡುನೀರಿನಲ್ಲಿ ಬಿಟ್ಟು ಹೋದವಳು ನೀನು, ಅದು ನೆನಪಿರಲಿ.

ಮೊದಲ ವಾರದ ಫಜೀತಿ ನಿನಗೆ ಹೇಳಿಯೇ ಇಲ್ಲ. ಎರಡು ಸುತ್ತು ಹೊಲಿಯುವುದರೊಳಗೆ ಬಟ್ಟೆಯ ಕೆಳಗೆ ದಾರವೆಲ್ಲ ಗಂಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾನು ದಾರವನ್ನು ಬೈದೆ, ಎಣ್ಣೆಯನ್ನು ಬೈದೆ, ನಿನ್ನ ಕಾರ್ಡನ್ನೂ ಬೈದೆ. ಕಡೆಗೆ ತಿಳಿಯಿತು: ಪಾದ ಬಿಚ್ಚಿದ್ದರೂ ಪಾದದ ಕೋಲನ್ನು ಕೆಳಗೆ ಇಳಿಸಬೇಕು, ಇಲ್ಲದಿದ್ದರೆ ದಾರಕ್ಕೆ ಬಿಗಿ ಸಿಗುವುದಿಲ್ಲ. ಆಮೇಲೆ ಒಂದು ಕೋಳಿ ಬರೆದೆ. ನಿನ್ನ ಮಾವನವರು ಕನ್ನಡಕ ಏರಿಸಿ, "ಇದು ಕೋಳಿಯೋ, ಚಾದ ಕಿಟ್ಲಿಯೋ?" ಅಂದರು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಅದನ್ನು ದಿಂಬಿನ ಮೇಲೆ ಹಾಕಿ ಅವರ ತಲೆಯ ಕೆಳಗೇ ಇಟ್ಟೆ. ಆಮೇಲೆ ಬಾಯಿ ತೆರೆದು ಮಲಗಿದ ಸಾನಿಕಾ ಬಂದಳು, ನಮ್ಮ ಓಣಿಯ ನಲ್ಲಿಯ ಸಾಲು ಬಂತು, ಬಾಜು ಮನೆಯ ಪ್ರಮಿಳಾಳ ಆಡು ಬಂತು. ಮಷೀನು ತುಳಿಯುತ್ತ ಎರಡೂ ಕೈಯಿಂದ ರಿಂಗನ್ನು ತಿರುಗಿಸುವಾಗ, ದಾರ ಕಡಿಯದೆ ಒಂದೇ ಗೆರೆಯಲ್ಲಿ ಆಡಿನ ಗಡ್ಡದಿಂದ ಬಾಲದ ತನಕ ಹೋಗುವಾಗ, ನನಗೆ ಎಷ್ಟು ಸಂತೋಷವಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಎರಡು ಸಲ ಉಕ್ಕಿದೆ, ಪರಾಗ ಒರೆಸಿದ್ದಾನೆ.

ಇನ್ನು ದೊಡ್ಡ ಸುದ್ದಿ. ಪರಾಗನ ಆಫೀಸಿನಲ್ಲಿ ಗಜಾನನ ಅಂತ ಇದ್ದಾನೆ. ಪೀರನವಾಡಿಯಲ್ಲಿ ಬಾಡಿಗೆಗೆ ಇರುತ್ತಾನೆ, ಊರು ಪಾರಿಶ್ವಾಡ, ಕುರಿ ಕಾಯ್ದ ಮನೆತನ. ಊರಿನಲ್ಲಿ ತಂದೆ ತಾಯಿಗೆ ಹೊಸ ಮನೆ ಕಟ್ಟಿಸಿದ್ದಾನೆ. ಯಾವುದೋ ಕೆಲಸಕ್ಕೆ ನಮ್ಮಲ್ಲಿ ಬಂದವನು ಆ ಆಡನ್ನು ನೋಡಿ ಚಹಾ ಕುಡಿಯುವುದನ್ನೇ ಮರೆತ. ಅವನ ಕಷ್ಟ ಇಷ್ಟು: ಹೊಸ ಮನೆಯ ಪಡಸಾಲೆಯಲ್ಲಿ ಅವ್ವನ ಚಿತ್ರ ಇರಬೇಕು ಅಂತ ಅವನಿಗೆ ಆಸೆ. ಅವ್ವ ಸಿದ್ದಕ್ಕ ಸುತಾರಾಂ ಒಲ್ಲೆ ಅನ್ನುತ್ತಾಳೆ. ನಮ್ಮ ಕಡೆ ಗೋಡೆಗೆ ಏರುವ ಫೋಟೋ ಯಾರದು ಅಂತ ನಿನಗೆ ಗೊತ್ತಲ್ಲ, ಹೋದವರದು. "ಗ್ವಾಡಿಗಿ ಫೋಟೋ ಏರಿತಂದ್ರ ಮಂದಿ ಹಾರ ಎಲ್ಲೈತಿ ಅಂತ ಹುಡಿಕ್ಯಾಡ್ತಾರ. ನಾ ಇನ್ನ ಉಣ್ಣಾಕತ್ತೀನಿ" ಅಂದಳಂತೆ. ದಾರದಲ್ಲಿ ಮಾಡಿದರೆ ಅದು ಫೋಟೋ ಆಗುವುದಿಲ್ಲವಲ್ಲ ಅಂತ ಗಜಾನನನ ಲೆಕ್ಕ. ಮರುವಾರ ಒಂದು ಫೋಟೋ ತಂದ, ಜೊತೆಗೆ ಒಂದು ಉಂಡೆ ಕರಿ ಉಣ್ಣೆಯ ನೂಲು. ಕುರಿ ಮಾರುವ ಮುಂಚೆ ಸಿದ್ದಕ್ಕ ತನ್ನ ಕೈಯಾರೆ ಸಣ್ಣಗೆ ನೂತದ್ದು. "ಕಾಕೂ, ಅವ್ವನ್ನ ಅವ್ವನ ನೂಲಿನ್ಯಾಗ ಮಾಡ್ರಿ" ಅಂದ. ಹಾಗೆ ಕೇಳಿದರೆ ಯಾರಿಗೆ ಇಲ್ಲ ಅನ್ನಲಾಗುತ್ತದೆ?

ಹೂಂ ಅಂದ ಮೇಲೆ ಗೊತ್ತಾಯಿತು, ಆ ನೂಲು ಸೂಜಿಯ ಕಣ್ಣಿನಲ್ಲಿ ದಾಟುವುದೇ ಇಲ್ಲ. ಮೇಣ ಹಚ್ಚಿದೆ, ಉಗುಳು ಹಚ್ಚಿದೆ, ದೇವರಿಗೆ ಹರಕೆಯೊಂದು ಹೊರಲಿಲ್ಲ. ಕಡೆಗೆ ಒಂದು ಉಪಾಯ ಹೊಳೆಯಿತು. ಮೇಲಿನ ಸೂಜಿಗೆ ಸಾದಾ ಕರಿ ದಾರ, ಉಣ್ಣೆಯನ್ನು ಕೆಳಗಿನ ಬಾಬಿನ್ನಿಗೆ ಕೈಯಿಂದ ಸುತ್ತುವುದು, ಬಾಬಿನ್ ಡಬ್ಬಿಯ ಸಣ್ಣ ತಿರುಪನ್ನು ಸಡಿಲ ಬಿಡುವುದು, ಬಟ್ಟೆಯನ್ನು ಬೋರಲು ಹಾಕಿ ಹಿಂದಿನಿಂದ ಹೊಲಿಯುವುದು. ಉಣ್ಣೆ ಕೆಳಗಿನ ಮಗ್ಗುಲಲ್ಲಿ ಮೂಡುತ್ತದೆ, ಅದೇ ಮುಂಭಾಗ. ನನ್ನ ಬುದ್ಧಿಗೆ ನಾನೇ ಶಹಭಾಸ್ ಅಂದುಕೊಂಡೆ. ಫೋಟೋ ನೋಡಿ ಬಟ್ಟೆಯ ಹಿಂಭಾಗಕ್ಕೆ ಚಿತ್ರ ಇಳಿಸಿಕೊಂಡೆ. ಸಿದ್ದಕ್ಕನದು ಬಲಗಡೆಯ ಸೆರಗು, ತಲೆಯ ಮೇಲಿಂದ ಬಂದು ಬಲ ಹೆಗಲ ಮೇಲೆ ಇಳಿದದ್ದು. ಬಲ ಮೂಗಿನಲ್ಲಿ ಮೂಗುಬಟ್ಟು. ಎಡ ಹುಬ್ಬಿನ ಮೇಲೆ ಎಂದೋ ಟಗರು ಹಾಯ್ದ ಗಾಯದ ಕಲೆ. ಅಷ್ಟು ದಿನ ನಾನು ಹೊಲಿದದ್ದು ಕಣ್ಣೆದುರಿಗೇ ಮೂಡುತ್ತಿತ್ತು. ಇದು ಹಾಗಲ್ಲ. ಕಣ್ಣು, ಮೂಗು, ಇಡೀ ಮಾರಿ ಕೆಳಗೆ ಕತ್ತಲಲ್ಲಿ ಆಗುತ್ತಿತ್ತು, ಮೇಲೆ ನನಗೆ ಕಾಣುವುದು ಬರೀ ಸಾದಾ ದಾರ. ನಿನ್ನ ಮಗಳು ದಿನಕ್ಕೆ ಹತ್ತು ಸಲ "ಆಜಿ, ತಿರುವಿ ನೋಡೂಣು" ಅನ್ನುವಳು. ಪೂರ್ತಿ ಆಗುವ ತನಕ ನೋಡಬಾರದು ಅಂತ ನಾನೇ ಹಟ ಹಿಡಿದೆ. ಬಸುರಿಯ ಹೊಟ್ಟೆ ಕೊಯ್ದು ಕೂಸು ನೋಡುತ್ತಾರೆಯೇ ಅಂತ ಅವಳಿಗೆ ದೊಡ್ಡ ಮಾತು ಹೇಳಿದೆ.

ಶುಕ್ರವಾರ ಪಾರಿಶ್ವಾಡದಲ್ಲಿ ಹೊಸ ಮನೆ ಹೊಗುವ ವಾಸ್ತು ಇತ್ತು. ಬುಧವಾರ ಸಂಜೆ ಉಣ್ಣೆಯೂ ಮುಗಿಯಿತು, ಸಿದ್ದಕ್ಕನೂ ಮುಗಿದಳು. ಎಲ್ಲರನ್ನೂ ಕರೆದು ಕೂರಿಸಿ ಬಟ್ಟೆ ತಿರುವಿದೆ. ಎಂಥ ಮಾರಿ ಅಂತೀ! ಕಣ್ಣಿನ ಸುತ್ತಲಿನ ಸುಕ್ಕು ಕೂಡ ಉಣ್ಣೆಯ ರೋಮದಲ್ಲಿ ಉಬ್ಬಿ ನಿಂತಿತ್ತು. ಸಾನಿಕಾ ಚಪ್ಪಾಳೆ ತಟ್ಟಿದಳು. ನಿನ್ನ ಮಾವನವರು ಒಂದು ಕೈಯಲ್ಲಿ ಫೋಟೋ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಸುಮಾರು ಹೊತ್ತು ನೋಡಿ, ಬಹಳ ಮೆತ್ತಗೆ, "ಕುಂದಾ, ಬಲಕಿನದು ಎಡಕ ಬಂದೈತಲ್ಲ" ಅಂದರು. ಸೆರಗು ಎಡ ಹೆಗಲಿಗೆ ಹೋಗಿತ್ತು. ಮೂಗುಬಟ್ಟು ಎಡಕ್ಕೆ. ಟಗರು ಹಾಯ್ದದ್ದು ಬಲ ಹುಬ್ಬಿಗೆ. ಹಿಂದಿನಿಂದ ಹೊಲಿದದ್ದು ಮುಂದಿನಿಂದ ತಿರುವುಮುರುವಾಗಿಯೇ ಬರುತ್ತದೆ ಅನ್ನುವುದು ನಲವತ್ತು ವರ್ಷ ಹೊಲಿದವಳಿಗೆ ಹೊಳೆಯಬಾರದೇ? ಚಿತ್ರವನ್ನು ಉಲ್ಟಾ ಇಳಿಸಿಕೊಂಡು ಹೊಲಿದಿದ್ದರೆ ಮುಗಿಯುತ್ತಿತ್ತು. ಬಿಚ್ಚೋಣವೆಂದರೆ ಉಣ್ಣೆ ಎಳೆದಲ್ಲಿ ಹರಿಯುತ್ತದೆ, ಬೇರೆ ಉಣ್ಣೆ ಇಲ್ಲ.

ತಪ್ಪಾದದ್ದು ಒಂದು ಕಡೆ ಇರಲಿ, ಅದು ಎಂಥ ತಪ್ಪು ನೋಡು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮಾಡುವುದು ಸತ್ತ ಮನೆಯಲ್ಲಿ. ಗೋಡೆಯ ಫೋಟೋ ಅಂದರೇ ಬೆಚ್ಚುವ ಮುದುಕಿ, ಹೊಸ ಮನೆಯ ವಾಸ್ತುವಿನ ದಿನ, ಹತ್ತಾರು ಬೀಗರು ಕುಳಿತಲ್ಲಿ ಇದನ್ನು ಬಿಚ್ಚಿದರೆ ಏನನ್ನುತ್ತಾರೆ? ಪರಾಗ ನನ್ನ ಮಾರಿ ನೋಡಿ, "ಆಯಿ, ಕೊಡೂದ ಬ್ಯಾಡ. ಮಷೀನ ಕೆಟ್ಟೈತಿ ಅಂತ ನಾ ಗಜಾನನಗ ಹೇಳತೀನಿ. ನಿನಗ್ಯಾಕ ಈ ವಯಸ್ಸಿನ್ಯಾಗ ಇಲ್ಲದ ತ್ರಾಸ? ಬಿಟ್ಟಬಿಡು" ಅಂದ. ಮಗ ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತಿಗೆ ನನ್ನ ಕೈ ನಿನ್ನ ಕಾರ್ಡಿನ ಮೇಲೆ ಹೋಯಿತು ಪ್ರಾಜಕ್ತಾ. ಅದನ್ನು ಕಿತ್ತು, ಪಾದ ಹಾಕಿ, ಮತ್ತೆ ಫಾಲು ಹಚ್ಚುತ್ತ ಕೂತುಬಿಡೋಣ ಅನ್ನಿಸಿತು. ಅರ್ಧ ಅಂಟು ಬಿಚ್ಚಿದ್ದೆ. ಆಮೇಲೆ, ನೀನು ಹಚ್ಚಿಕೊಟ್ಟದ್ದನ್ನು ನಿನಗೊಂದು ಮಾತು ಹೇಳದೆ ಹೇಗೆ ಕೀಳಲಿ ಅನ್ನಿಸಿ ಮತ್ತೆ ಒತ್ತಿದೆ. ಮಷೀನಿನ ಮೇಲೆ ಸುಳ್ಳು ಹೊರಿಸಲು ನನಗೆ ಮನಸ್ಸಾಗಲಿಲ್ಲ. ನಾನೇ ಹೋಗಿ ಹೇಳುತ್ತೇನೆ ಅಂದೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ನಿನ್ನ ಮಾವನವರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಬೈಸಿಕೊಳ್ಳಾಕ ಇಬ್ಬರಿದ್ರ ಒಬ್ಬೊಬ್ಬರ ಪಾಲಿಗೆ ಕಡಿಮಿ ಬರತೈತಿ" ಅಂದರು. ಇಂಥ ಹೊತ್ತಿನಲ್ಲಿ ಮಾತ್ರ ಆ ಮನುಷ್ಯ ಬಂಗಾರ.

ಪೀರನವಾಡಿ ದಾಟಿ ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಬಟ್ಟೆಯ ಸುರುಳಿಯನ್ನು ಎದೆಗೆ ಅವುಚಿಕೊಂಡಿದ್ದೆ, ಬಾಜುದಲ್ಲಿ ಕೂತಿದ್ದ ಹೆಂಗಸು ಮರಾಠಿಯಲ್ಲಿ ಕೂಸು ಎಷ್ಟು ತಿಂಗಳದ್ದು ಅಂತ ಕೇಳಿಯೇಬಿಟ್ಟಳು. ಪಾರಿಶ್ವಾಡದ ಮನೆಯ ಮುಂದೆ ಹಂದರ ಹಾಕಿದ್ದರು. ಗಜಾನನನ ಹೆಂಡತಿ ಮಾಯಾ ನೀರು ಬೆಲ್ಲ ಕೊಟ್ಟು ಒಳಗೆ ಕರೆದೊಯ್ದಳು. ಹೊಸ ಸುಣ್ಣದ ವಾಸನೆಯ ಪಡಸಾಲೆ, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ನಡುವೆ ಕಂಬಳಿಯ ಮೇಲೆ ಸಿದ್ದಕ್ಕ, ಅವಳ ಎದುರಿಗೆ ಗಂಡ ಸಾತಪ್ಪ, ದೊಡ್ಡ ಬಿಳಿ ಮೀಸೆಯವನು. ನಾನು ಕೂರಲೂ ಇಲ್ಲ. ಬಟ್ಟೆ ಬಿಚ್ಚುವ ಮುಂಚೆಯೇ, "ಯವ್ವಾ, ನನ್ನ ಕೈಯಿಂದ ಒಂದು ತಪ್ಪಾಗೈತಿ, ಹಿಂದಿಂದ ಹೊಲದಿದ್ದಕ್ಕ ಎಡಬಲ ಅದಲಬದಲ ಆಗ್ಯಾವ, ಮನಸ್ಸಿಗೆ ಬರದಿದ್ರ ತಿರುಗಿ ಒಯ್ತೀನಿ" ಅಂತ ಒಂದೇ ಉಸಿರಿನಲ್ಲಿ ಹೇಳಿ ಬಿಚ್ಚಿ ಹಿಡಿದೆ.

ಗಜಾನನ ನೆಲ ನೋಡಿದ. ಸಾತಪ್ಪನ ತಂಗಿ, ಒಬ್ಬ ಹಿರಿಯಾಕಿ, "ಅಯ್ಯ, ಎಡಕ ಸೆರಗ! ಒಳ್ಳೇ ದಿನ ಇದೇನ ಅಪಶಕುನ" ಅಂದಳು. ನಾನು ಬಟ್ಟೆಯನ್ನು ಮತ್ತೆ ಸುತ್ತಲು ಹೊರಟೆ. ಸಿದ್ದಕ್ಕ ಮಾತ್ರ ಕೈ ಚಾಚಿ ಬಟ್ಟೆಯನ್ನು ತೊಡೆಯ ಮೇಲೆ ಹಾಸಿಕೊಂಡಳು. ಮೊದಲು ನೂಲು ಮುಟ್ಟಿದಳು, ತನ್ನದೇ ಅಂತ ಗೊತ್ತಾಯಿತು, ತಲೆ ಆಡಿಸಿದಳು. ಆಮೇಲೆ ಮಾರಿಯನ್ನು ನೋಡುತ್ತ ಕೂತಳು. ಕೂತಳು, ಕೂತಳು. ಕಡೆಗೆ "ಮಾಯಾ, ನನ್ನ ಕನ್ನಡಿ ತಾ" ಅಂದಳು. ಬಾಚಣಿಗೆಯ ಜೊತೆ ಇಡುವ ಅಂಗೈಯಷ್ಟು ಕನ್ನಡಿ. ಅದರಲ್ಲಿ ಒಮ್ಮೆ ನೋಡಿಕೊಂಡಳು, ಬಟ್ಟೆಯನ್ನು ಒಮ್ಮೆ ನೋಡಿದಳು, ಮತ್ತೆ ಕನ್ನಡಿ. ಬೊಚ್ಚು ಬಾಯಿ ತುಂಬ ನಗು ಬಂತು. "ಇಕಿ ನಾನು! ಖರೇ ಖರೇ ನಾನು! ಆಧಾರ ಕಾರ್ಡಿನ್ಯಾಗ, ರೇಶನ ಕಾರ್ಡಿನ್ಯಾಗ ಕುಂತಾಕಿ ಯಾವಾಕ್ಯೋ ಏನೋ, ಆಕೀನ್ನ ನಾ ಎಂದೂ ನೋಡಿಲ್ಲ. ದಿನಾ ಮುಂಜಾನಿ ಕುಂಕುಮ ಹಚ್ಚಿಕೊಳ್ಳುವಾಗ ನೋಡೂ ಮಾರಿ ಇದ!" ಅಂದಳು.

ಆಗ ತಿಳಿಯಿತು ನನಗೆ. ತನ್ನ ಮಾರಿಯನ್ನು ತಾನು ನೋಡುವುದು ಕನ್ನಡಿಯಲ್ಲಿ ಮಾತ್ರ, ಕನ್ನಡಿಯಲ್ಲಿ ಎಲ್ಲರದೂ ಅದಲುಬದಲೇ. ಸಾತಪ್ಪ ಮಾತ್ರ ಒಪ್ಪಲಿಲ್ಲ. ಬಗ್ಗಿ ನೋಡಿ, "ಇದ ನಿನ್ನ ಮಾರಿ ಅಲ್ಲ ಬಿಡ. ಐವತ್ತ ವರ್ಷ ಎದುರಿಗೆ ಕುಂತ ಉಂಡೀನಿ, ನನಗ ಗೊತ್ತಿಲ್ಲೇನ?" ಅಂದ. ಸಿದ್ದಕ್ಕ ತಲೆ ಎತ್ತದೆ, "ನೀ ನೋಡಿದ್ದ ನಿನ್ನ ಕಡಿಂದ. ನಾ ನೋಡೂದ ನನ್ನ ಕಡಿಂದ. ಮಾರಿ ಯಾರದು, ನಂದೋ ನಿಂದೋ?" ಅಂದಳು. ಹೆಂಗಸರ ಸಾಲಿನಲ್ಲಿ ಎದ್ದ ನಗು ಹಂದರದ ತನಕ ಹೋಯಿತು. ಅಪಶಕುನ ಅಂದಿದ್ದ ನಾದಿನಿಗೂ ಸಿದ್ದಕ್ಕನ ಬಳಿ ಉತ್ತರ ಇತ್ತು: "ಇದ ಫೋಟೋ ಅಲ್ಲವಾ, ಕನ್ನಡಿ. ಕನ್ನಡಿಗಿ ಯಾರ ಹಾರ ಹಾಕತಾರ?" ಅಂದು, ಪಡಸಾಲೆಯ ಗೋಡೆಗೆ ತಾನೇ ಜಾಗ ತೋರಿಸಿ ಗಜಾನನನಿಂದ ಮೊಳೆ ಹೊಡೆಸಿದಳು. ಅವನು ಮೊಳೆ ಹೊಡೆಯುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನಾನೂ ಒರೆಸಿಕೊಂಡೆ. ಮಾಯಾ ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿದಳು. ಹೊರಡುವಾಗ ಸಿದ್ದಕ್ಕ ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡು, "ಬಿಳಿ ಉಣ್ಣಿ ನೂತ ಕಳಸತೀನಿ, ಈ ಮುದುಕನ್ನೂ ಒಂದ ಮಾಡ. ಮೀಸಿಗಿ ಬೇಕಾಗತೈತಿ" ಅಂದಳು. ನಿನ್ನ ಮಾವನವರು ಬಸ್ಸಿನಲ್ಲಿ, "ನಂದೂ ಒಂದ ಮಾಡ. ಆದ್ರ ಕಿಟ್ಲಿ ಮಾಡಬ್ಯಾಡ" ಅಂದರು.

ಖಾನಾಪುರದಿಂದ ತಿರುಗಿ ಬರುವಾಗ ಉಡಿಯಲ್ಲಿ ಅಕ್ಕಿ ಕಟ್ಟಿಕೊಂಡು ನಾನು ನಿನ್ನನ್ನೇ ನೆನೆಯುತ್ತ ಕೂತಿದ್ದೆ. ನೀನು ಆ ಕಾರ್ಡು ಅಂಟಿಸದಿದ್ದರೆ ಈ ಮುದುಕಿಯ ಕೈಯನ್ನು ಯಾರೂ ಹೀಗೆ ಕಣ್ಣಿಗೆ ಒತ್ತಿಕೊಳ್ಳುತ್ತಿರಲಿಲ್ಲ. ನಿನ್ನ ಉಪಕಾರ ದೊಡ್ಡದು ಮಗಾ. ಎದುರಿಗೆ ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ಅದಾಗಿ ಎರಡು ದಿನಕ್ಕೆ ನಿನ್ನ ರಾಜೀನಾಮೆಯ ಮಾತು ಕಿವಿಗೆ ಬಿತ್ತು. ರಾಯಚೂರಿನಲ್ಲಿ ಕುಳಿತು ನೀನು ನೆನೆಯುವ ಅತ್ತೆ ಯಾರು ಅಂತ ನನಗೆ ಗೊತ್ತು. ನಸುಕಿನಲ್ಲಿ ಏಳುವವಳು, ಸಾನಿಕಾಳ ಡಬ್ಬಿ ಕಟ್ಟುವವಳು, ಸೊಂಟ ಹಿಡಿದುಕೊಂಡು ಕಸ ಗುಡಿಸುವವಳು. ಅವಳು ಸುಳ್ಳಲ್ಲ. ಸೊಂಟ ನೋಯುತ್ತದೆ, ಖರೇ. ಸಾನಿಕಾಳ ಗಣಿತ ನನ್ನ ತಲೆಗೆ ಹತ್ತುವುದಿಲ್ಲ, ಅದೂ ಖರೇ. ಸಂಕ್ರಾಂತಿಯ ದಿನ ಅವಳು ನಿನ್ನನ್ನು ನೆನೆಸಿ ಅತ್ತಾಗ ನಾನೂ ಅವಳ ಜೊತೆ ಕೂತು ಅತ್ತೆ, ಆಮೇಲೆ ಇಬ್ಬರೂ ಎಳ್ಳುಂಡೆ ತಿಂದೆವು. ಆದರೆ ಅದು ನಿನ್ನ ಕಡೆಯಿಂದ ಕಾಣುವ ಮಾರಿ. ನನ್ನ ಕಡೆಯಿಂದ ನೋಡಿದರೆ ತಲೆಗೂದಲಲ್ಲಿ ದಾರದ ಚೂರು, ಮೂಗಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮೆತ್ತಿಕೊಂಡು, ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತು ಕೂತ ಒಬ್ಬ ಹೆಂಗಸು ಕಾಣುತ್ತಾಳೆ. ಅವಳು ಬಹಳ ಆರಾಮ ಇದ್ದಾಳೆ. ನಿನ್ನ "ಆರಾಮ" ಅಲ್ಲ, ಖರೇ ಆರಾಮ.

ಇನ್ನು ಮನೆಯ ಬಾಕಿ ಸುದ್ದಿ. ಸಾನಿಕಾ ತನ್ನ ಎರಡೂ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಒಂದು ಮೇಲೆ, ಒಂದು ಕೆಳಗೆ, ಆದರೂ ನಾನು ಕೈ ಹಚ್ಚುವುದಿಲ್ಲ. ಪರಾಗ ಉಪ್ಪಿಟ್ಟು ಮಾಡಲು ಕಲಿತಿದ್ದಾನೆ. ಅದನ್ನು ಚಾಕುವಿನಿಂದ ಕೊಯ್ದು ತಿನ್ನಬೇಕು, ಆದರೂ ಕಲಿತಿದ್ದಾನೆ. ಪ್ರಮಿಳಾ ತನ್ನ ಆಡಿನ ಚಿತ್ರವನ್ನು ತವರಿಗೆ ಒಯ್ದು ತೋರಿಸಿ ಬಂದಳು. ನಿನಗೆ ಊಟ ಹಾಕುವ ಮನೆಯೊಡತಿಗೆ ನನ್ನ ನಮಸ್ಕಾರ ಹೇಳು, ಕೆಂಪು ಖಾರ ಕಮ್ಮಿ ಹಾಕಲು ಹೇಳು. ಹಿರಿಯರು "ಮುಟ್ಟಿದ ಮಣ್ಣು ಹೊನ್ನಾಗಲಿ" ಅಂತ ಹರಸುತ್ತಾರೆ. ನಿನ್ನ ಕೆಲಸಕ್ಕೆ ಹೊನ್ನು ಬೇಡ, ನೀನು ಮುಟ್ಟಿದ ಮಣ್ಣು ತನ್ನ ಒಳಗಿನದನ್ನೆಲ್ಲ ನಿನಗೆ ಬಾಯಿಬಿಟ್ಟು ಹೇಳಲಿ. ಮೈಯಲ್ಲಿ ಶಕ್ತಿ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ಎದೆ ತುಂಬಿದ ಪ್ರೀತಿಯೊಂದಿಗೆ,
ನಿನ್ನ ಅತ್ತೆ
ಕುಂದಾ

ತಾ.ಕ.: ನಿನ್ನ ಮಾವನವರು ಪೋಸ್ಟಿಗೆ ಒಯ್ಯಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಮಾತು ಯಾರಿಗೂ ಹೇಳಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಖಾನಾಪುರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ನೌಕರಿ ಇತ್ತು. ದಿನಾ ಹೋಗಿ ಬರುತ್ತಿದ್ದೆ. ಪರಾಗ ಹುಟ್ಟಿದ ಮೇಲೆ ಕೂಸನ್ನು ನಮ್ಮ ಅತ್ತೆಯ ಹತ್ತಿರ ಬಿಟ್ಟು ಹೋಗಬೇಕಾಯಿತು. ನಿನ್ನ ಮಾವನವರೂ ಅವರ ತಂದೆಯೂ "ಅವ್ವಗ ತ್ರಾಸ ಆಗತೈತಿ" ಅಂದರು. ನನಗೂ ಪಾಪ ಅನ್ನಿಸಿತು, ಬಿಟ್ಟೆ. ಬಹಳ ವರ್ಷದ ಮೇಲೆ ಒಂದು ದಿನ ನಮ್ಮ ಅತ್ತೆ ಅವರೆಕಾಯಿ ಸುಲಿಯುತ್ತ, "ಕುಂದಾ, ಆ ನೌಕರಿ ಯಾಕ ಬಿಟ್ಟಿ? ನನ್ನ ಸೊಸಿ ಕಚೇರಿಗಿ ಹೋಗ್ತಾಳ ಅಂತ ಓಣ್ಯಾಗೆಲ್ಲ ಹೇಳಕೊಂತ ತಿರಗತಿದ್ನಿ" ಅಂದರು. ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಈಗ ನೀನೂ ನನ್ನನ್ನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ: ರಾಜೀನಾಮೆಯ ಆ ಕಾಗದ ಹರಿದು ಹಾಕು. ನನ್ನ ಸೊಸೆ ರಾಯಚೂರಿನಲ್ಲಿ ಸಾಹೇಬರಾಗಿದ್ದಾಳೆ ಅಂತ ನಾನೂ ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದೇನೆ.